ಗ್ಯಾರಂಟಿ ಕೇಳಿದ ಮಳೆಗಾಲ

ಕಳೆದ ವರ್ಷ ಒಂದು ತರಬೇತಿ ಶಿಬಿರಕ್ಕೆಂದು ಬೈಂದೂರಿಗೆ ಹೊರಟಿದ್ದೆ. ತಲ್ಲೂರಿನ ಹತ್ತಿರ ಹೆದ್ದಾರಿ ಅಗೆದು ಹಾಕಿದ್ದರಿಂದ ಬಸ್ಸು ನಿಂತಿತು. ನಿಂತದ್ದು ನಿಂತೇ ಇತ್ತು. ಪಕ್ಕಕ್ಕೆ ಒಂದು ಟೆಂಪೋ ಬಂತು, ಅದರ ತುಂಬ ಒದ್ದೆ ಬಲೆ. ಉಪ್ಪು, ಪಾಚಿ, ಹಳೆ ಮೀನು, ಡೀಸೆಲ್ಲು ಎಲ್ಲ ಕಲಸಿದ ಆ ವಾಸನೆ ಕಿಟಕಿಯಿಂದ ಒಳಗೆ ಬಂದದ್ದೇ ನನಗೆ ಸಿಟ್ಟು ಹತ್ತಿತು. ಪಕ್ಕದಲ್ಲಿ ಕೂತಿದ್ದ ಕಿರಿಯ ಸಹೋದ್ಯೋಗಿ, ‘ವಾಸನೆಗೆ ತಲೆನೋವಾ ಮೇಡಂ?’ ಎಂದಳು. ವಾಸನೆಗಲ್ಲ. ಎಷ್ಟೋ ವರ್ಷದ ಹಿಂದಿನ ಒಂದು ಮಳೆಗಾಲದ ಮೇಲೆ ನನಗಿನ್ನೂ ಸಿಟ್ಟು ಇಳಿದಿಲ್ಲ ಅಂತ ಅವಳಿಗೆ ಹೇಗೆ ಹೇಳಲಿ?

ಹೊಸ ಶತಮಾನ ಶುರುವಾಗಿ ಎರಡೋ ಮೂರೋ ವರ್ಷ ಆಗಿತ್ತು. ನಾನು ಮನಶ್ಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಿದ್ದೆ. ವಿಷಯ ಕೇಳಲು ದೊಡ್ಡದು: ಸ್ವಭಾವ, ಮಾನಸಿಕ ಕಾಯಿಲೆ ಮತ್ತು ಹಿಂಸೆಯ ಸಂಭವ. ಸರಳವಾಗಿ ಹೇಳುವುದಾದರೆ, ಯಾರು ಕೈ ಎತ್ತುತ್ತಾರೆ ಎಂದು ಮೊದಲೇ ಹೇಳಲು ಬರುತ್ತದೆಯೆ ಎನ್ನುವುದು ಪ್ರಶ್ನೆ. ಅದಕ್ಕೆ ಎರಡು ಗುಂಪಿನ ಜನ ಬೇಕಾಗಿತ್ತು. ಮಾನಸಿಕ ಕಾಯಿಲೆಯಾಗಿ, ಹಿಂದೆ ಯಾವಾಗಲಾದರೂ ಯಾರಿಗಾದರೂ ಹೊಡೆದವರು ಒಂದು ಗುಂಪು. ಹೋಲಿಸಿ ನೋಡುವುದಕ್ಕೆ ಅದೇ ಊರಿನ, ಯಾವ ಕಾಯಿಲೆಯೂ ಇಲ್ಲದ ‘ಸಾಮಾನ್ಯರು’ ಇನ್ನೊಂದು ಗುಂಪು.

ಕುಂದಾಪುರವನ್ನು ಆರಿಸಿದ್ದು ನಾನಲ್ಲ, ನನ್ನ ಪ್ರೊಫೆಸರು. ‘ಮಳೆಗಾಲದಲ್ಲಿ ಮೀನುಗಾರಿಕೆ ನಿಂತಿರುತ್ತೆ. ಗಂಡಸರೆಲ್ಲ ಮನೆಯಲ್ಲೇ ಸಿಗ್ತಾರೆ. ಬೇಸರ ಕಳೆಯೋಕೆ ನಿನ್ನ ಪ್ರಶ್ನೆಗಳಿಗೆ ಉತ್ತರ ಕೊಡ್ತಾರೆ’ ಎಂದರು. ಅವರು ಘಟ್ಟ ಇಳಿದು ಕೆಳಗೆ ಬಂದವರೇ ಅಲ್ಲ. ನಾನು ದಾವಣಗೆರೆಯವಳು. ಮಳೆ ಎಂದರೆ ಬಂದು ಹೋಗುವ ವಸ್ತು ಎಂದು ತಿಳಿದಿದ್ದವಳು. ಇಲ್ಲಿ ಅದು ಬಂದರೆ ಹೋಗುವ ಮಾತೇ ಇಲ್ಲ. ಕುಂದಾಪುರದಲ್ಲಿ ಒಂದು ಔಷಧಿ ಅಂಗಡಿಯ ಮೇಲಿನ ಕೋಣೆ ಹಿಡಿದೆ. ಸೀರೆ ಒಣಗುತ್ತಿರಲಿಲ್ಲ, ಚಪ್ಪಲಿಗೆ ಬೂಷ್ಟು, ಪ್ರಶ್ನಾವಳಿಯ ಕಾಗದಗಳು ಒಂದಕ್ಕೊಂದು ಅಂಟಿಕೊಂಡು ಹಸಿ ಹಪ್ಪಳವಾಗುತ್ತಿದ್ದವು.

ಪ್ರಶ್ನಾವಳಿಯದೇ ಒಂದು ಕಥೆ. ಅದನ್ನು ಹೊರದೇಶದವರು ತಯಾರಿಸಿದ್ದರು. ಕನ್ನಡಕ್ಕೆ ತಂದವರು ಯಾರೋ ದೊಡ್ಡ ಪಂಡಿತರೇ ಇರಬೇಕು. ‘ನೀವು ಪಾರ್ಟಿಗಳಿಗೆ ಹೋಗಲು ಇಷ್ಟಪಡುತ್ತೀರಾ?’ ಎಂಬ ಪ್ರಶ್ನೆ ಕೇಳಿದಾಗ ಬೋಟು ನಡೆಸುವ ಒಬ್ಬ ತಾಂಡೇಲ ನನ್ನನ್ನು ಅನುಮಾನದಿಂದ ನೋಡಿ, ‘ಯಾವ್ ಪಾರ್ಟಿ ಮೇಡಂ? ನಮ್ದ್ ಯಾವ್ ಪಾರ್ಟಿಯೂ ಅಲ್ಲ. ವೋಟ್ ಯಾರಿಗ್ ಹಾಕ್ತೊ ಅಂದೇಳಿ ನಿಮ್ಗೆಂತಕ್ಕೆ?’ ಎಂದ. ‘ಅಗೋಚರ ಶಕ್ತಿಯೊಂದು ನಿಮ್ಮನ್ನು ನಡೆಸುತ್ತಿದೆ ಎನಿಸುತ್ತದೆಯೆ?’ ಎಂದು ಕೇಳಿದರೆ, ‘ಹೌದ್, ಎನ್ಸತ್ತ್. ದೇವ್ರ್ ನಡ್ಸದೆ ನೀವ್ ನಡ್ಸ್ತ್ರಿಯಾ?’ ಎಂದ. ಈ ಉತ್ತರಕ್ಕೆ ಅಂಕ ಹಾಕಿದರೆ ಆ ಇಡೀ ಕರಾವಳಿಯನ್ನೇ ಆಸ್ಪತ್ರೆಗೆ ಸೇರಿಸಬೇಕಾಗುತ್ತಿತ್ತು. ವಾರಕ್ಕೊಮ್ಮೆ ಎಸ್‌ಟಿಡಿ ಬೂತಿಗೆ ಹೋಗಿ ಪ್ರೊಫೆಸರಿಗೆ ಇದನ್ನೆಲ್ಲ ಹೇಳುತ್ತಿದ್ದೆ. ಅವರು, ‘ಪ್ರಶ್ನೆ ಬದಲಾಯಿಸುವ ಹಾಗಿಲ್ಲಮ್ಮ, ಪ್ರಮಾಣೀಕರಿಸಿದ ಸಾಧನ ಅದು’ ಎನ್ನುತ್ತಿದ್ದರು.

ನಾನು ಹೆಚ್ಚಾಗಿ ಓಡಾಡಿದ್ದು ಬೈಂದೂರಿನ ಈಚೆಗಿರುವ ಒಂದು ಕಡಲತೀರದ ಕೇರಿಯಲ್ಲಿ. ಹೆಸರು ಬೇಡ. ಅಲ್ಲಿ ನನ್ನನ್ನು ಕೈಹಿಡಿದು ನಡೆಸಿದವರು ನಾಗಪ್ಪಣ್ಣ. ಎರಡು ಬೋಟಿನ ಮಾಲಿಕರು, ಭಜನಾ ಮಂದಿರದ ಮುಖ್ಯಸ್ಥರು, ಬಿಳಿ ಪಂಚೆ, ಮೆಲುದನಿ. ತಮ್ಮ ಮನೆಯ ಚಾವಡಿಯಲ್ಲೇ ನನಗೆ ಮೇಜು ಕುರ್ಚಿ ಹಾಕಿಸಿಕೊಟ್ಟರು. ‘ಹ್ವಾಯ್, ಬನ್ನಿ ಕಾಂಬ, ಮೇಡಂ ಕಾಯ್ತಾ ಇದ್ದ್ರ್. ಒಬ್ಬೊಬ್ರೇ ಬನ್ನಿ’ ಎಂದು ಗಂಡಸರನ್ನು ಕರೆದು ಕೂರಿಸುತ್ತಿದ್ದರು. ಅವರ ಹೆಂಡತಿ ಪದ್ದಕ್ಕ ಬಾಗಿಲ ಸಂದಿನಿಂದ ಕಾಫಿ ಲೋಟ ಚಾಚುತ್ತಿದ್ದರು. ಮಳೆ ಬಿಟ್ಟಾಗಿನ ಅಷ್ಟು ಸೆಖೆಯಲ್ಲೂ ತೋಳು ಮುಚ್ಚುವಂತೆ ಸೆರಗು ಹೊದ್ದಿರುತ್ತಿದ್ದರು. ನಾನು ‘ಕೂತ್ಕೊಳ್ಳಿ’ ಎಂದರೆ, ‘ಕೆಲ್ಸ ಇತ್ತ್’ ಎಂದು ಒಳಗೆ ಹೋಗುತ್ತಿದ್ದರು.

‘ಕಳೆದ ಆರು ತಿಂಗಳಲ್ಲಿ ಯಾರಿಗಾದರೂ ಹೊಡೆದಿದ್ದೀರಾ?’ ಎಂಬ ಪ್ರಶ್ನೆಗೆ ಕೇರಿಯ ಗಂಡಸರೆಲ್ಲರ ಉತ್ತರವೂ ಒಂದೇ: ‘ಇಲ್ಲೆ.’ ನಾಗಪ್ಪಣ್ಣನವರಂತೂ, ‘ಕೈ ಎತ್ತುದಾ? ನಾನಾ?’ ಎಂದು ನೊಂದುಕೊಂಡರು. ಸಿಟ್ಟಿನ ಅಳತೆಯಲ್ಲಿ ಎಲ್ಲರಿಗಿಂತ ಕಡಿಮೆ ಅಂಕ ಅವರದೇ.

ಮೊದಲ ಗುಂಪಿಗೆ ಜನ ಹುಡುಕಲು ಕುಂದಾಪುರದ ಒಂದು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೂರುತ್ತಿದ್ದೆ. ಅಲ್ಲಿ ಸಿಕ್ಕಿದವಳು ಗಿರಿಜ. ಅವಳೂ ಅದೇ ಕೇರಿಯವಳೇ, ಮೀನು ಬುಟ್ಟಿ ಹೊತ್ತು ಮಾರುವವಳು. ಮಾತಾಡುವಾಗ ಬಲಗಡೆಯ ಕಿವಿಯನ್ನು ಮುಂದೆ ತಂದು ಕೇಳುತ್ತಿದ್ದಳು. ಎಡಗಿವಿ ಕೇಳುತ್ತಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅವಳ ಗಂಡ ಸುಬ್ರಾಯ ಕಾಯಿ ತುರಿಯುವ ಹೆರೆಮಣೆ ಎತ್ತಿ ಅವಳ ತಲೆಗೆ ಹೊಡೆದಿದ್ದ. ಮುಂಬೈ ಹೋಟೆಲಿನಲ್ಲಿ ಕೆಲಸ ಮಾಡಿ ಬಂದವನಿಗೆ ಯಾರದೋ ಧ್ವನಿಗಳು ಕೇಳಲು ಶುರುವಾಗಿ, ಕಡೆಗೆ ಇವಳು ತನ್ನ ಹೆಂಡತಿಯೇ ಅಲ್ಲ, ಅವಳ ವೇಷದಲ್ಲಿ ಬಂದ ಬೇರೆ ಯಾರೋ ಎಂದು ನಂಬಿಬಿಟ್ಟಿದ್ದ. ಪೊಲೀಸು, ಜೈಲು, ಅಲ್ಲಿಂದ ದೂರದ ಮಾನಸಿಕ ಆಸ್ಪತ್ರೆ ಎಲ್ಲ ಆಗಿ, ಮಾತ್ರೆ ಹಿಡಿದು, ಈಗ ಚೆನ್ನಾಗಿದ್ದ, ಇದೇ ಆಸ್ಪತ್ರೆಯ ವಾರ್ಡಿನಲ್ಲಿದ್ದ. ಮನೆಗೆ ಕರೆದುಕೊಂಡು ಹೋಗಬಹುದು ಎಂದು ವೈದ್ಯರು ಹೇಳಿದ್ದರು. ಕೇರಿಯವರು ಬೇಡ ಎನ್ನುತ್ತಿದ್ದರು.

‘ಮೇಡಂ, ನೀವ್ ಕಂಡ್ ಹೇಳಿ. ಅವ್ರನ್ನ ಕರ್ಕಂಡ್ ಹೋಯ್ಲಕ್ಕಾ?’ ಎಂದು ಗಿರಿಜ ಕೇಳಿದಳು.

‘ನಿಮಗೆ ಭಯ ಇಲ್ವಾ?’

‘ಇತ್ತ್. ಹೆದ್ರಿಕಿ ಇಲ್ಲೆ ಅಂದ್ರೆ ಸುಳ್ಳಾತ್ತ್. ಆದ್ರೆ ಆ ದಿನ ಹೊಡ್ದದ್ದ್ ಅವ್ರಲ್ಲ, ಅವ್ರ ಕಾಯ್ಲಿ. ಅವ್ರೇ ಹೊಡ್ದಿದ್ರೆ ನಾ ಇಲ್ಲಿ ತನ್ಕ ಬತ್ತಿರ್ಲಿಲ್ಲೆ.’

ಪ್ರೀತಿಯ ಮಾತು ಒಂದೂ ಆಡಲಿಲ್ಲ. ಮಾತ್ರೆ ಯಾವ ಹೊತ್ತಿಗೆ, ನಿದ್ದೆ ಕೆಟ್ಟರೆ ಏನು ಮಾಡಬೇಕು, ಮೊದಲು ಯಾವ ಲಕ್ಷಣ ಕಾಣಿಸುತ್ತದೆ ಎಂದೆಲ್ಲ ಒಂದೊಂದಾಗಿ ಕೇಳಿ ತಿಳಿದುಕೊಂಡಳು. ನಾನು ಸುಬ್ರಾಯನ ಜತೆ ಹಲವು ಸಲ ಕೂತು ಮಾತಾಡಿದೆ. ದಪ್ಪಗಾಗಿದ್ದ, ನಿಧಾನವಾಗಿದ್ದ, ಮಾತ್ರೆಯಿಂದ ಕೈ ಸ್ವಲ್ಪ ನಡುಗುತ್ತಿತ್ತು. ಮಾಡಿದ್ದು ನೆನಪಿತ್ತು. ಅದನ್ನು ಹೇಳುವಾಗ ತಲೆ ಎತ್ತುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ ಅಪಾಯ ಕಡಿಮೆ ಇತ್ತು. ಮಾತ್ರೆ ತಪ್ಪಬಾರದು, ಕುಡಿಯಬಾರದು, ನಿದ್ದೆ ಕೆಡಬಾರದು, ಜನ ಕೆಣಕಬಾರದು. ಹೀಗೆಂದು ಬರೆದೆ. ವೈದ್ಯರೂ ಒಪ್ಪಿದರು.

ಕೇರಿಯವರು ಒಪ್ಪಬೇಕಲ್ಲ! ನಾಗಪ್ಪಣ್ಣ ಭಜನಾ ಮಂದಿರದಲ್ಲಿ ಒಂದು ಮಧ್ಯಾಹ್ನ ಸಭೆ ಕರೆದರು. ಹೊರಗೆ ಮಳೆ ಹೊಯ್ಯುತ್ತಿತ್ತು. ಹಂಚಿನ ಮೇಲೆ ಬೀಳುವ ಸದ್ದಿನಲ್ಲಿ ನಾನು ಕಿರುಚಿ ಮಾತಾಡಬೇಕಾಗಿತ್ತು. ಸಂಭವ ಎಂದರೇನು, ಕಡಿಮೆ ಅಪಾಯ ಎಂದರೇನು ಎಂದು ಗಂಟಲು ಹರಿದುಕೊಂಡೆ. ನಾಗಪ್ಪಣ್ಣ ಕೈಮುಗಿದು ಎಲ್ಲ ಕೇಳಿಸಿಕೊಂಡು ಕಡೆಗೆ ಮೆಲ್ಲಗೆ, ‘ಅದೆಲ್ಲ ಸರಿ ಮೇಡಂ. ನಾಳಿಗ್ ಎಂತಾರೂ ಆರೆ ಯಾರ್ ಜವಾಬ್ದಾರಿ? ನೀವ್ ಗ್ಯಾರಂಟಿ ಕೊಡ್ತ್ರಿಯಾ?’ ಎಂದರು.

‘ಗ್ಯಾರಂಟಿ ಅಂತ ಇರಲ್ಲ ನಾಗಪ್ಪಣ್ಣ. ರೇಡಿಯೋದಲ್ಲಿ ಮಳೆ ಬರುವ ಸಂಭವ ಇದೆ ಅಂತ ಹೇಳ್ತಾರಲ್ಲ, ಹಾಗೆ.’

‘ರೇಡಿಯೋದವ್ರ್ ಹೇಳದ್ದ್ ಯಾವತ್ ಆಯಿತ್?’ ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು.

ನಾನು ಮತ್ತೆ ಮೊದಲಿನಿಂದ ಹೇಳಿದೆ. ಅವರು ಮತ್ತೆ ಗ್ಯಾರಂಟಿ ಕೇಳಿದರು. ಇನ್ನೊಬ್ಬರು, ‘ಡಾಕ್ಟ್ರಮ್ಮ, ಒಂದ್ ಸರ್ಟಿಫಿಕೀಟ್ ಬರ್ದ್ ಕೊಡಿ, ಸೀಲ್ ಹಾಕಿ’ ಎಂದರು. ನಾನು ಡಾಕ್ಟರಲ್ಲ ಎಂದು ಹೇಳಿದೆ. ಡಾಕ್ಟರಲ್ಲದಿದ್ದರೆ ಮತ್ತೆ ಇಲ್ಲಿ ಎಂತಕ್ಕೆ ಬಂದದ್ದು ಎಂದು ಅವರಿಗೆ ಅನುಮಾನ ಬಂತು. ನನ್ನ ಸಹನೆ ಅಲ್ಲಿಗೆ ಮುಗಿಯಿತು. ‘ಅವರು ಹೊಡೆಯೋದಿಲ್ಲ ಅಂತ ನಾನು ಗ್ಯಾರಂಟಿ ಕೊಡಲಾರೆ. ಇಲ್ಲಿ ಕೂತಿರೋ ಯಾರ ಬಗ್ಗೆಯೂ ಕೊಡಲಾರೆ. ನಿಮ್ಮ ಬಗ್ಗೆಯೂ ಇಲ್ಲ ನಾಗಪ್ಪಣ್ಣ’ ಎಂದುಬಿಟ್ಟೆ.

ನಗು ನಿಂತಿತು. ನಾಗಪ್ಪಣ್ಣ ಮಾತ್ರ ನಗುತ್ತಲೇ, ‘ಮೇಡಂಗೆ ಸುಸ್ತಾಯ್ತ್, ಕುಡೂಕೆ ಎಂತಾರೂ ಕೊಡಿ’ ಎಂದರು.

ಗಿರಿಜ ಯಾರ ಅಪ್ಪಣೆಗೂ ಕಾಯಲಿಲ್ಲ. ಮರುದಿನ ಆಸ್ಪತ್ರೆಗೆ ಬಂದು ಗಂಡನನ್ನು ಕರೆದುಕೊಂಡು ಹೋದಳು. ಅವನಿಗೆ ಹೊರಗಿನ ಜಗಲಿಯಲ್ಲಿ ಚಾಪೆ, ತನಗೆ ಒಳಗಿನ ಕೋಣೆ. ಬೆಳಿಗ್ಗೆ ಸಂಜೆ ಮಾತ್ರೆ ಅಂಗೈಗೆ ಹಾಕಿ, ನುಂಗಿದ ಮೇಲೆ ಬಾಯಿ ತೆರೆಸಿ ನೋಡುವಳು. ಅವನು ಇಡೀ ದಿನ ಜಗಲಿಯಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಕೈ ನಡುಗಿದರೂ ಗಂಟು ಸರಿಯಾಗಿ ಬೀಳುತ್ತಿತ್ತು. ಕೇರಿಯ ಹೆಂಗಸರು ಆ ಮನೆ ಬಂದಾಗ ದಾರಿಯ ಆಚೆ ಬದಿಗೆ ಸರಿದು ಹೋಗುತ್ತಿದ್ದರು. ಮಕ್ಕಳು ಊಟ ಮಾಡದಿದ್ದರೆ ‘ಸುಬ್ರಾಯ ಬತ್ತಾ ಕಾಣ್’ ಎಂದು ಹೆದರಿಸುವುದು ಶುರುವಾಯಿತು. ಒಂದು ದಿನ ನಾನು ಹೋದಾಗ ಅವನು ಬೇಸರದಲ್ಲಿದ್ದ.

‘ಮೇಡಂ, ನಾ ನಗಾಡ್ರೆ ಹೆದರ್ತ್ರ್. ನಗಾಡ್ದಿರೂ ಹೆದರ್ತ್ರ್. ಮೋರೆ ಹ್ಯಾಂಗ್ ಇಟ್ಕಣ್ಕ್ ಹೇಳಿ?’

‘ಹೇಗಿದೆಯೋ ಹಾಗೇ ಇರಲಿ’ ಎಂದೆ.

ಆಷಾಢದ ಒಂದು ಮಧ್ಯಾಹ್ನ, ಕೆಳಗಿನ ಔಷಧಿ ಅಂಗಡಿಗೆ ನನಗೊಂದು ಫೋನು ಬಂತು. ಗಿರಿಜ. ಅವಳ ಧ್ವನಿ ಎಷ್ಟು ಸಪ್ಪಗಿತ್ತೆಂದರೆ ಮೊದಲು ಗುರುತೇ ಸಿಗಲಿಲ್ಲ. ‘ಮೇಡಂ, ಅವ್ರನ್ನ ಆಸ್ಪತ್ರಿಗ್ ತಂದಿದೆ. ಬನ್ನಿ’ ಎಂದಳು. ಸುಬ್ರಾಯ ಯಾರಿಗೋ ಹೊಡೆದಿದ್ದಾನೆ ಎಂದೇ ನಾನೂ ಅಂದುಕೊಂಡೆ. ಕೊಡೆ ಹಿಡಿಯುವುದನ್ನೂ ಮರೆತು ಓಡಿದೆ.

ಸುಬ್ರಾಯ ಮಂಚದ ಮೇಲಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು, ತುಟಿ ಒಡೆದಿತ್ತು, ಬಲಗೈ ಮುರಿದು ಹಲಗೆ ಕಟ್ಟಿದ್ದರು. ನಡೆದದ್ದು ಇಷ್ಟು. ನಾಗಪ್ಪಣ್ಣನ ಕೊಟ್ಟಿಗೆಯಲ್ಲಿ ಮಡಚಿಟ್ಟಿದ್ದ ಬಲೆಗಳು ಅಲ್ಲಲ್ಲಿ ತುಂಡಾಗಿದ್ದವು. ಯಾರು ಮಾಡಿದ್ದು ಎಂದು ಯಾರೂ ಕೇಳಲಿಲ್ಲ, ಉತ್ತರ ಎಲ್ಲರಿಗೂ ಮೊದಲೇ ಗೊತ್ತಿತ್ತು. ಕೇರಿಯಲ್ಲಿ ಹುಚ್ಚನೊಬ್ಬನಿದ್ದಾನೆ, ಅವನ ಕೈಯಲ್ಲಿ ಬಲೆ ಹೆಣೆಯುವ ಕತ್ತಿಯೂ ಇರುತ್ತದೆ. ಗಂಡಸರು ಗುಂಪಾಗಿ ಬಂದು ಜಗಲಿಯಿಂದ ಎಳೆದು ಅಂಗಳದ ಕೆಸರಿನಲ್ಲಿ ಹಾಕಿ ಹೊಡೆದರು. ಮೊದಲ ಪೆಟ್ಟು ನಾಗಪ್ಪಣ್ಣನದು. ಗಿರಿಜ ಒಬ್ಬೊಬ್ಬರ ಹೆಸರನ್ನೂ ಹೇಳಿದಳು. ಎಲ್ಲರೂ ನನಗೆ ಗೊತ್ತಿದ್ದವರೇ. ಎಲ್ಲರಿಂದಲೂ ‘ಇಲ್ಲೆ’ ಎಂದು ಕೇಳಿ ಗುರುತು ಹಾಕಿಕೊಂಡವಳು ನಾನೇ ಅಲ್ಲವೆ?

ಸುಬ್ರಾಯ ಎಡಗೈಯಲ್ಲಿ ನನ್ನ ಸೆರಗು ಹಿಡಿದ.

‘ಮೇಡಂ, ನಾ ಹೊಡ್ದೆ ಅಂದೇಳಿ ಬರ್ಕಣ್ಬೇಡಿ. ನಾ ಕೈ ಎತ್ಲಿಲ್ಲೆ. ಎತ್ರೆ ಮತ್ತೆ ಅಲ್ಲಿಗೇ ಕಳ್ಸ್ತ್ರ್ ಅಂದೇಳಿ ಎರಡೂ ಕೈ ಬೆನ್ನಿಗ್ ಕಟ್ಕಂಡೇ ಇದ್ದೆ.’

‘ಮತ್ತೆ ಕೈ ಹೇಗೆ ಮುರಿಯಿತು?’

‘ಹಾಂಗೇ ಬಿದ್ದೆ ಅಲ್ದಾ? ಬೆನ್ನಡಿಗ್ ಸಿಕ್ಕಿತ್.’

ಅಲ್ಲಿ ನಿಲ್ಲಲಾಗಲಿಲ್ಲ. ಹೊರಗೆ ಬಂದು ಎಸ್‌ಟಿಡಿ ಬೂತಿಗೆ ಹೋಗಿ ಪ್ರೊಫೆಸರಿಗೆ ಫೋನು ಹಚ್ಚಿದೆ. ನಡೆದದ್ದೆಲ್ಲ ಹೇಳಿದೆ. ಅವರು, ‘ಛೆ, ಪಾಪ. ಆದರೆ ನೋಡು, ಸಾಮಾನ್ಯ ಗುಂಪಿನ ದತ್ತಾಂಶ ಮುಗಿದಿದೆ. ಅದನ್ನು ಮುಟ್ಟಬೇಡ. ಇದು ಸಾಂದರ್ಭಿಕ ಘಟನೆ’ ಎಂದರು.

‘ಸಾರ್, ಅವನು ಹೊಡೆದಿದ್ದರೆ ಅದು ಕಾಯಿಲೆ, ಇವರು ಹೊಡೆದರೆ ಸಂದರ್ಭವೆ?’ ಎಂದು ಕೂಗಿದೆ. ಬೂತಿನವನು ಬಾಗಿಲು ತೆಗೆದು, ಲೈನಿನಲ್ಲಿ ಗಲಾಟೆಯೋ ಎಂದು ನೋಡಿದ.

ಮುಂದಿನ ವಾರ ಇನ್ನೂ ಎರಡು ಕೊಟ್ಟಿಗೆಗಳಲ್ಲಿ ಬಲೆ ತುಂಡಾದವು. ಸುಬ್ರಾಯ ಆಗ ಕೈಗೆ ಹಲಗೆ ಕಟ್ಟಿಕೊಂಡು ಕುಂದಾಪುರದ ಆಸ್ಪತ್ರೆಯ ಮಂಚದ ಮೇಲಿದ್ದ. ಬಲೆಯ ಮಡಿಕೆ ಬಿಚ್ಚಿದಾಗ ಒಳಗೆ ಇಲಿಯ ಗೂಡು, ಕಣ್ಣು ಬಿಡದ ಮರಿಗಳು. ಸುದ್ದಿ ಕೇಳಿ ನಾನು ನಾಗಪ್ಪಣ್ಣನ ಮನೆಗೆ ಹೋದೆ. ಅವರು ಎಂದಿನಂತೆ ಕುರ್ಚಿ ಎಳೆದು ಕೊಟ್ಟರು.

‘ಇಲಿ ಅಂದೇಳಿ ನಮ್ಗ್ ಹ್ಯಾಂಗ್ ಗೊತ್ತಾಪುದ್ ಮೇಡಂ? ಆದ್ದ್ ಆಯ್ತ್. ಅವನ್ ಆಸ್ಪತ್ರೆ ಖರ್ಚ್ ಎಂತ ಇತ್ತ್ ಹೇಳಿ, ಕೇರಿಯಿಂದ ಕೊಡ್ವೊ.’

‘ಅವರ ಹತ್ರ ಹೋಗಿ ತಪ್ಪಾಯ್ತು ಅಂತ ಒಂದು ಮಾತು ಹೇಳ್ತೀರಾ?’

ಹುಚ್ಚನ ಹತ್ತಿರ ತಪ್ಪು ಒಪ್ಪಿಕೊಳ್ಳುವುದೆಂದರೇನು ಎಂದು ಅವರಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ‘ಮರ್ಲನ ಹತ್ರವಾ?’ ಎಂದರು. ಬಾಗಿಲ ಸಂದಿನಲ್ಲಿ ಪದ್ದಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು.

ಗಿರಿಜ ಬೈಂದೂರಿನ ಠಾಣೆಗೆ ಹೋಗಬೇಕೆಂದಳು. ನಾನೂ ಹೋದೆ. ಅಲ್ಲಿದ್ದ ಅಧಿಕಾರಿ ಒರಟಲ್ಲ, ಬರೀ ದಣಿದ ಮನುಷ್ಯ. ಮಳೆಯಿಂದ ರಸ್ತೆಗೆ ಮರ ಬಿದ್ದ ದೂರುಗಳ ನಡುವೆ ನಮ್ಮನ್ನು ಕೂರಿಸಿಕೊಂಡರು. ‘ಪೆಟ್ಟು ತಿಂದವನ ಮೇಲೆ ಹಳೇ ಕೇಸಿದೆ. ಅವನ ತಲೆ ಸರಿ ಇಲ್ಲ ಅಂತ ಕಾಗದ ಇದೆ. ಇವಳು ಹೆಂಡತಿ. ಕೇರಿಯಲ್ಲಿ ಬೇರೆ ಯಾರೂ ಏನೂ ನೋಡಿಲ್ಲ ಅಂತಾರೆ. ನಾನೇನು ಮಾಡಲಿ ಹೇಳಿ? ನೋಡಿದವರು ಒಬ್ಬರನ್ನಾದರೂ ಕರ್ಕೊಂಡು ಬನ್ನಿ’ ಎಂದರು. ಮತ್ತೆ ನನ್ನ ಕಡೆ ತಿರುಗಿ, ‘ಮೇಡಂ, ನೀವು ತಿಳಿದವರು. ಅವನೇ ಮೊದಲು ರೇಗಿರಬಹುದು ಅಂತ ಒಂದು ಸಾಲು ಬರೆದುಕೊಟ್ಟರೆ ಎಲ್ಲರಿಗೂ ಒಳ್ಳೆಯದು, ಇಲ್ಲಿಗೇ ಮುಗಿಯುತ್ತೆ’ ಎಂದರು. ಆಗುವುದಿಲ್ಲ ಎಂದೆ. ಆ ಮಳೆಗಾಲವಿಡೀ ಎಲ್ಲರಿಗೂ ನನ್ನಿಂದ ಒಂದು ಸಾಲು ಬೇಕಾಗಿತ್ತು.

ಅವತ್ತು ಸಂಜೆಯಿಂದ ಗಿರಿಜ ಬೇರೊಂದು ಕೆಲಸ ಹಚ್ಚಿಕೊಂಡಳು. ಹೊಡೆದವರ ಮನೆಗಳಿಗೆ ಒಂದೊಂದಾಗಿ ಹೋದಳು. ಜಗಳ ಆಡಲಿಲ್ಲ. ಅಂಗಳದಲ್ಲಿ ನಿಂತು, ಚಾವಡಿಯಲ್ಲಿ ಬೀಡಿ ಸೇದುತ್ತಲೋ ಇಸ್ಪೀಟು ಆಡುತ್ತಲೋ ಇದ್ದ ಗಂಡಸಿನ ಎದುರಿಗೇ, ಅವನ ಹೆಂಡತಿಯನ್ನು ಹೊರಗೆ ಕರೆದು ಕೇಳಿದಳು. ನಾನು ಜತೆಗಿದ್ದದ್ದು ಎರಡು ಮೂರು ಮನೆಗಳಲ್ಲಿ ಮಾತ್ರ.

‘ಅಕ್ಕ, ನಿಮ್ಮವ್ರ್ ನಮ್ಮವ್ರಿಗ್ ಹೊಡ್ದ್ರ್. ನೀವ್ ಕಂಡಿರಿ. ನಾ ಸಾಕ್ಷಿ ಹೇಳಿ ಅಂತಿಲ್ಲೆ. ಒಂದೇ ಕೇಂತೆ. ನಿಮ್ಗೂ ಹೊಡಿತ್ರಾ?’

ಮೊದಲ ಮನೆಯ ಹೆಂಗಸು ಅಕ್ಕಿ ಕೇರುತ್ತಿದ್ದಳು. ಗೆರಸೆ ನಿಂತಿತು. ಗಂಡ ‘ಹೋಯ್, ಎಂತ ಮಾತದು’ ಎಂದು ಎದ್ದ. ಹೆಂಗಸು ಗಿರಿಜಳನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. ನಾನು ನೋಡಿದ, ಗಿರಿಜ ಆಮೇಲೆ ಹೇಳಿದ ಯಾವ ಮನೆಯಲ್ಲೂ ಒಬ್ಬಳೂ ‘ಇಲ್ಲೆ’ ಎನ್ನಲಿಲ್ಲ. ‘ಹೌದು’ ಎಂದೂ ಅನ್ನಲಿಲ್ಲ. ನನಗೆ ಅಲ್ಲೇ ಆ ಅಂಟಿಕೊಂಡ ಕಾಗದಗಳನ್ನೆಲ್ಲ ಸಮುದ್ರಕ್ಕೆ ಎಸೆಯಬೇಕೆನ್ನಿಸಿತು. ಗಂಡಸರನ್ನು ಕೇಳಿ ಹೆಂಗಸರನ್ನು ಕೇಳಬೇಡ ಎಂದು ಯಾವ ಪುಣ್ಯಾತ್ಮ ಹೇಳಿದ್ದು? ಸಂಶೋಧನೆಯ ಚೌಕಟ್ಟಿನಲ್ಲಿ ಅದೇ ಇತ್ತು, ಅದಕ್ಕೆ ದೊಡ್ಡವರ ಸಹಿಯೂ ಇತ್ತು.

ಎರಡನೆಯ ಸಲ ಠಾಣೆಗೆ ಹೊರಟಾಗ ಗಿರಿಜಳಿಗೂ ಭರವಸೆ ಉಳಿದಿರಲಿಲ್ಲ. ಬಸ್‌ಸ್ಟಾಪಿನಲ್ಲಿ ನಿಂತಿದ್ದೆವು. ಕೇರಿಯ ಕಡೆಯಿಂದ ಒಂದು ಕೊಡೆ ಬಂತು. ಕೊಡೆಯ ಕೆಳಗೆ ಪದ್ದಕ್ಕ. ಒಳ್ಳೆಯ ಸೀರೆ ಉಟ್ಟಿದ್ದರು, ಕೈಯಲ್ಲೊಂದು ಬಟ್ಟೆಯ ಚೀಲ. ‘ನಾನೂ ಬತ್ತೆ’ ಎಂದರು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತ ಕೂತಿದ್ದರು. ಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಅಧಿಕಾರಿ ಅವರನ್ನು ಗುರುತಿಸಿದರು. ನಾಗಪ್ಪಣ್ಣನವರ ಮನೆಯವರು ಎಂದು ಗೌರವದಿಂದ ಕುರ್ಚಿ ಕೊಟ್ಟರು. ಪದ್ದಕ್ಕ ಕೂರಲಿಲ್ಲ.

‘ಸುಬ್ರಾಯನಿಗ್ ಹೊಡೂದನ್ನ ನಾ ಕಂಡಿದೆ. ಬರ್ಕಣಿ.’

‘ಎಲ್ಲಿಂದ ನೋಡಿದ್ರಿ?’

‘ನಮ್ಮನಿ ಹಿತ್ಲಿಂದ.’

‘ಅಮ್ಮಾ, ನಿಮ್ಮ ಹಿತ್ತಿಲಿಂದ ಆ ಅಂಗಳ ದೂರ. ಮಳೆ ಬೇರೆ. ಅಷ್ಟು ಜನರಲ್ಲಿ ಮೊದಲು ಕೈ ಎತ್ತಿದ್ದು ನಿಮ್ಮ ಯಜಮಾನರೇ ಅಂತ ಹೇಗೆ ಹೇಳ್ತೀರಿ? ಮೋರೆ ಕಂಡಿತಾ?’

‘ಮೋರೆ ಕಾಂಬುದೆಂತಕ್ಕೆ ಸಾರ್?’ ಎಂದರು ಪದ್ದಕ್ಕ. ‘ಆ ಕೈ ನಂಗೆ ಮದ್ವಿ ಆದ ಲಾಗಾಯ್ತ್ ಗುರ್ತ ಇತ್ತ್.’

ಬರೆಯುತ್ತಿದ್ದ ಪೊಲೀಸಿನವನು ಪೆನ್ನು ಎತ್ತಿ ಅಧಿಕಾರಿಯ ಮುಖ ನೋಡಿದ. ಅಧಿಕಾರಿ ಟೋಪಿ ತೆಗೆದು ಮೇಜಿನ ಮೇಲಿಟ್ಟು, ‘ಬರಿ. ಅವರು ಹೇಳಿದ ಹಾಗೇ ಬರಿ’ ಎಂದರು. ಗಿರಿಜ ಸರಿಯಾದ ಕಿವಿಯನ್ನು ಪದ್ದಕ್ಕನ ಕಡೆಗೆ ತಿರುಗಿಸಿಕೊಂಡು ನಿಂತಿದ್ದಳು. ಒಂದಕ್ಷರವನ್ನೂ ಬಿಡದೆ ಕೇಳಿಸಿಕೊಂಡಳು. ಆಮೇಲೆ ಅಲ್ಲೇ ಗೋಡೆಗೊರಗಿ ಬಿಕ್ಕಿಬಿಕ್ಕಿ ಅತ್ತಳು. ಗಂಡ ತಲೆಗೆ ಹೊಡೆದ ಕಥೆ ಹೇಳುವಾಗಲೂ ಅಳದಿದ್ದವಳು.

ಕೇಸು ಏನಾಯಿತು ಎಂದರೆ, ಕೇಸುಗಳು ಏನಾಗುತ್ತವೋ ಅದೇ ಆಯಿತು. ವರ್ಷಗಟ್ಟಲೆ ಎಳೆದು ಕಡೆಗೆ ರಾಜಿಯಲ್ಲಿ ಮುಗಿಯಿತು. ಸುಬ್ರಾಯನಿಗೆ ಬಲಗೈ ಪೂರ್ತಿ ಸರಿಹೋಗಲಿಲ್ಲ, ಬಲೆ ಹೆಣೆಯುವ ಕೆಲಸ ತಪ್ಪಿತು. ಗಿರಿಜ ಅವನನ್ನು ಕರೆದುಕೊಂಡು ಬ್ರಹ್ಮಾವರದ ಕಡೆ ಹೋದಳು. ಅಲ್ಲಿ ಒಂದು ಗೇರುಬೀಜದ ಕಾರ್ಖಾನೆಯಲ್ಲಿ ಅವನಿಗೆ ಹಗಲು ಪಾಳಿಯ ವಾಚ್‌ಮನ್ ಕೆಲಸ ಸಿಕ್ಕಿತು. ಸಿಕ್ಕಿದ ಕಾರಣ ಕೇಳಿ ನಾನು ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಅವನ ಹಳೆಯ ಕಥೆ ಮಾಲಿಕರ ಕಿವಿಗೂ ಬಿದ್ದಿತ್ತಂತೆ. ‘ಇಂಥವ ಗೇಟಲ್ಲಿ ಇದ್ರೆ ಕಳ್ಳ ಬತ್ತಿಲ್ಲೆ’ ಎಂದು ಇಟ್ಟುಕೊಂಡರಂತೆ. ಯಾವ ಹೆದರಿಕೆಗೆ ಒಂದು ಊರು ಅವನ ಕೈ ಮುರಿಯಿತೋ ಅದೇ ಹೆದರಿಕೆಗೆ ಇನ್ನೊಂದು ಊರು ಸಂಬಳ ಕೊಟ್ಟಿತು. ಅವನು ಆಮೇಲೆ ಇವತ್ತಿನವರೆಗೆ ಯಾರ ಮೇಲೂ ಕೈ ಮಾಡಿಲ್ಲ. ನನ್ನ ಪ್ರಬಂಧಕ್ಕೆ ಪದವಿ ಬಂತು, ಜಗಳವಾಡಿ ಒಂದು ಅಧ್ಯಾಯವನ್ನು ನಾನೇ ಸೇರಿಸಿದ ಮೇಲೆ. ಅದರಲ್ಲಿ ಸಾಮಾನ್ಯರ ಬಗ್ಗೆ ಬರೆದೆ. ಪರೀಕ್ಷಕರೊಬ್ಬರು ಅದು ವಿಷಯಕ್ಕೆ ಸಂಬಂಧಿಸಿದ್ದಲ್ಲ ಎಂದು ಟಿಪ್ಪಣಿ ಹಾಕಿದರು.

ಇನ್ನು ಪದ್ದಕ್ಕ. ಠಾಣೆಯಿಂದ ಹಿಂದೆ ಬರುವಾಗ ನಾನು ಅವರ ಪಕ್ಕ ಕೂತಿದ್ದೆ. ಇವರು ಈಗ ಮನೆಗೆ ಹೋದರೆ ಏನಾಗುತ್ತದೆ ಎಂಬ ಒಂದೇ ಯೋಚನೆ. ಕೇರಿಯ ಸ್ಟಾಪು ಬಂತು. ಗಿರಿಜ ಇಳಿದಳು. ಪದ್ದಕ್ಕ ಅಲುಗಲಿಲ್ಲ.

‘ಹ್ವಾಯ್ ಪದ್ದಕ್ಕ, ಇಳೂದಿಲ್ಯಾ?’ ಎಂದ ಕಂಡಕ್ಟರು.

‘ಇಲ್ಲೆ. ಕೋಟೇಶ್ವರಕ್ಕ್ ಹೋತೆ. ಟಿಕೀಟ್ ಕೊಡ್.’

ಕೋಟೇಶ್ವರದಲ್ಲಿ ಅವರ ಅಕ್ಕನ ಮನೆಯಿತ್ತು. ನಾನೂ ಅಲ್ಲಿಯವರೆಗೆ ಹೋಗಿ ಬಿಟ್ಟು ಬಂದೆ. ಚೀಲದಲ್ಲಿ ಎರಡು ಸೀರೆ ಇತ್ತು, ಬೆಳಿಗ್ಗೆಯೇ ಇಟ್ಟುಕೊಂಡು ಬಂದಿದ್ದರು.

ನಾಲ್ಕು ದಿನ ಕಳೆದಿರಬೇಕು, ನಾಗಪ್ಪಣ್ಣ ನನ್ನ ಕೋಣೆಯ ಮೆಟ್ಟಿಲ ಕೆಳಗೆ ಬಂದು ನಿಂತರು. ಅದೇ ಬಿಳಿ ಪಂಚೆ, ಕೈ ಮುಗಿದಿತ್ತು, ದನಿಯೂ ಅದೇ. ‘ಮೇಡಂ, ಅವ್ಳಿಗ್ ನೀವ್ ಒಂಚೂರ್ ಬುದ್ಧಿ ಹೇಳಿ. ನಾ ಹೊಡೂ ಜನ ಅಲ್ಲ. ನೀವೇ ಪರೀಕ್ಷೆ ಮಾಡಿದ್ರಲ್ಲೆ, ನಾ ಪಾಸ್ ಆಯಿದೆ ಅಲ್ದಾ?’

‘ಅದು ಪರೀಕ್ಷೆಯಲ್ಲ ನಾಗಪ್ಪಣ್ಣ. ಪಾಸು ಫೇಲು ಅಂತ ಅದರಲ್ಲಿಲ್ಲ. ಆದರೂ ಕೇಳಿದಿರಿ ಅಂತ ಹೇಳ್ತೇನೆ. ಫೇಲ್’ ಎಂದೆ. ಸಂಶೋಧಕಿ ಆಡಬಾರದ ಮಾತು. ಆ ಮಳೆಗಾಲದಲ್ಲಿ ನನಗೆ ಸಮಾಧಾನ ಕೊಟ್ಟ ಮಾತು ಅದೊಂದೇ.

ಕುಂದಾಪುರ ಬಿಡುವ ಮೊದಲು ಪದ್ದಕ್ಕನಿಗೆ ಹೇಳಿ ಬರೋಣ ಎಂದು ಕೋಟೇಶ್ವರಕ್ಕೆ ಹೋದೆ. ಮಳೆ ಇಳಿದು ಬಿಸಿಲು ಬಿದ್ದಿತ್ತು, ಮಾರುಕಟ್ಟೆಗೆ ಮತ್ತೆ ತಾಜಾ ಮೀನು ಬರಲು ಶುರುವಾಗಿತ್ತು. ಪದ್ದಕ್ಕ ಅಕ್ಕನ ಪಕ್ಕ ಒಂದು ಹಲಗೆ ಹಾಕಿಕೊಂಡು ಬಂಗುಡೆ ಮಾರುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದರು, ತೋಳುಗಳು ಬಯಲಾಗಿದ್ದವು. ಗಿರಾಕಿಯೊಬ್ಬನ ಜತೆ ಚೌಕಾಸಿ ನಡೆದಿತ್ತು. ಅವರ ದನಿ ಇಷ್ಟು ದೊಡ್ಡದು ಎಂದು ನನಗೆ ಗೊತ್ತೇ ಇರಲಿಲ್ಲ. ರಸ್ತೆಯ ಆಚೆ, ಮುಚ್ಚಿದ ಅಂಗಡಿಯೊಂದರ ಮುಂದೆ, ನಾಗಪ್ಪಣ್ಣ ನಿಂತಿದ್ದರು.

‘ಯಾವಾಗಿಂದ ನಿಂತಿದ್ದಾರೆ?’ ಎಂದು ಕೇಳಿದೆ.

‘ದಿನಾ ಬತ್ರ್’ ಎಂದರು ಪದ್ದಕ್ಕ, ಆ ಕಡೆ ತಿರುಗದೆ.

‘ಮತ್ತೆ, ಹೋಗ್ತೀರಾ ಅವರ ಜೊತೆ?’

‘ಹೋಪುದೇ ಒಂದಿನ. ಮನಿ ನಂದೂ ಅಲ್ದಾ?’ ಎಂದು ಹಲಗೆಗೆ ನೀರು ಚಿಮುಕಿಸಿದರು. ‘ಆದ್ರೆ ಮೊದ್ಲ್ ಮೀನ್ ಎಲ್ಲಾ ಖರ್ಚಾಯ್ಕಲೆ ಮೇಡಂ.’

ಹಲಗೆಯ ಮೇಲೆ ನಾಲ್ಕೈದು ಬಂಗುಡೆ ಮಾತ್ರ ಉಳಿದಿದ್ದವು. ಪದ್ದಕ್ಕ ಕಾಲ ಬಳಿಯಿದ್ದ ತುಂಬಿದ ಬುಟ್ಟಿಯನ್ನು ಎಳೆದುಕೊಂಡು, ಅದರ ಮೇಲೆ ಮುಚ್ಚಿದ್ದ ಬಾಳೆಲೆ ತೆಗೆದರು.